ಪುಡಿ ಕುಡಿದರೆ ಪಿಸಿಒಡಿ ಬೇರುಸಮೇತ ಹೋಗುತ್ತದೆಯೇ?

ಮೂರು ತಿಂಗಳು ಒಂದು ಪುಡಿ ಕುಡಿದರೆ ಪಿಸಿಒಡಿ (ಹಾರ್ಮೋನು ಏರುಪೇರಾಗಿ ಮುಟ್ಟು ಹೆಚ್ಚುಕಮ್ಮಿಯಾಗುವ ತೊಂದರೆ) ಪೂರ್ತಿ ವಾಸಿ, ಮಾತ್ರೆಯೇ ಬೇಡ ಎಂಬ ಮೆಸೇಜು ಮನೆಮಂದಿಯ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತದೆ. ಕಳಿಸುವವರು ಕಾಳಜಿಯಿಂದಲೇ ಕಳಿಸುತ್ತಾರೆ. ಆದರೆ ಅದು ನಿಜವಲ್ಲ.

ಪಿಸಿಒಡಿಯನ್ನು ಹತೋಟಿಯಲ್ಲಿ ಇಡಬಹುದು. ಬೇರುಸಮೇತ ತೆಗೆಯುವ ಪುಡಿಯೂ ಇಲ್ಲ, ಮಾತ್ರೆಯೂ ಇಲ್ಲ. ಇಂಥ ಹಲವು ಪುಡಿಗಳಲ್ಲಿ ಇರುವುದು ಇನೋಸಿಟಾಲ್ ಎಂಬ, ಸಕ್ಕರೆಯಂಥ ಒಂದು ವಸ್ತು. ಅದರಿಂದ ಕೆಲವರಿಗೆ ಸ್ವಲ್ಪ ಉಪಯೋಗ ಆಗಬಹುದು, ಆದರೆ ಪುರಾವೆ ಇನ್ನೂ ಗಟ್ಟಿಯಾಗಿಲ್ಲ. ಮುಟ್ಟು ಸರಿಹೋದರೂ ಅದು ಪುಡಿಯಿಂದಲೇ ಎನ್ನುವುದು ಹೇಗೆ? ಅದೇ ಸಮಯದಲ್ಲಿ ನಡಿಗೆ ಶುರುವಾಗಿರುತ್ತದೆ, ಊಟ ಬದಲಾಗಿರುತ್ತದೆ, ತೂಕ ಇಳಿದಿರುತ್ತದೆ ಅಲ್ವಾ?

ಪುಡಿಗಿಂತ ನನಗೆ ಜಾಸ್ತಿ ಆತಂಕ ಇರುವುದು ಕೂದಲಿಗೆಂದು ನುಂಗುವ ಬಯೋಟಿನ್ ಎಂಬ ವಿಟಮಿನ್ ಬಗ್ಗೆ. ಡೋಸ್ ಜಾಸ್ತಿಯಾದರೆ ಥೈರಾಯ್ಡ್ ರಕ್ತಪರೀಕ್ಷೆಯ ರಿಪೋರ್ಟೇ ತಪ್ಪಾಗಿ ಬರಬಹುದು. ಇಲ್ಲದ ಕಾಯಿಲೆ ಇದೆ ಎಂದು ಕಾಣಬಹುದು. ಹಾಗಾಗಿ ರಕ್ತ ಕೊಡುವ ಮೊದಲೇ ಡಾಕ್ಟರಿಗೂ ಲ್ಯಾಬಿನವರಿಗೂ ಹೇಳಿ.

ವಾಸಿಯಾಗುತ್ತದೆ ಎಂಬ ಮೆಸೇಜಿನ ಮಾತನ್ನು ಪರೀಕ್ಷಿಸಲು ಡಬ್ಬಿ ತಿರುಗಿಸಿದರೆ ಸಾಕು. ಭಾರತದ ನಿಯಮದಂತೆ ಇಂಥ ಪೂರಕಗಳ (ಸಪ್ಲಿಮೆಂಟ್‌ಗಳ) ಮೇಲೆ 'ಔಷಧಿಯಾಗಿ ಬಳಸಲು ಅಲ್ಲ' ಎಂಬ ಅರ್ಥದ ಇಂಗ್ಲಿಷ್ ಸಾಲು ಇರಬೇಕು. ವಾಸಿಮಾಡುತ್ತೇವೆ ಎನ್ನುವ ಮೆಸೇಜಿಗೂ ಆ ಸಾಲಿಗೂ ತಾಳೆಯೇ ಆಗುವುದಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ (FSSAI) 14 ಅಂಕಿಯ ಲೈಸೆನ್ಸ್ ನಂಬರ್ ಇದ್ದರೆ ತಯಾರಕರಿಗೆ ಪರವಾನಗಿ ಇದೆ ಎಂದಷ್ಟೇ ಅರ್ಥ. ಮೆಸೇಜಿನ ಕೊನೆಯಲ್ಲಿ ಖರೀದಿಯ ಲಿಂಕ್ ಇದೆಯೇ ಎಂದೂ ನೋಡಿ.

ಡಾಕ್ಟರ್ ಬರೆದ ಮಾತ್ರೆಯನ್ನು ಮಾತ್ರ ಸುಮ್ನೆ ನಿಲ್ಲಿಸಬೇಡಿ. ಮುಂದಿನ ಸಲ ಹೋಗುವಾಗ ಆ ಡಬ್ಬಿಯನ್ನೇ ತೆಗೆದುಕೊಂಡು ಹೋಗಿ ತೋರಿಸಿ.