ಮಣ್ಣಿನ ಆರೋಗ್ಯ ಚೆನ್ನಾಗಿದೆ, ಕಾರ್ಡ್ ಲ್ಯಾಮಿನೇಟ್ ಆಗಿದೆ

ಮಣ್ಣಿಗೆ ಸ್ವಂತ ಜನ್ಮದಿನ ಇಲ್ಲ. ಆದ್ದರಿಂದ ವಿಶ್ವಸಂಸ್ಥೆ ಥಾಯ್ಲೆಂಡಿನ ಅಂದಿನ ದೊರೆ ಭೂಮಿಬೋಲ್ ಅವರ ಹುಟ್ಟುಹಬ್ಬದ ತಾರೀಖನ್ನೇ ಅದಕ್ಕೆ ಕೊಡಿಸಿದೆ. ಡಿಸೆಂಬರ್ 5, ವಿಶ್ವ ಮಣ್ಣು ದಿನ. ತಾಲ್ಲೂಕು ಮಟ್ಟದಲ್ಲಿ ಇದನ್ನು ಆಚರಿಸಲು ಬೇಕಾಗುವ ಸಾಮಗ್ರಿ: ಶಾಮಿಯಾನ, ಹನ್ನೆರಡು ಅಡಿಯ ಫ್ಲೆಕ್ಸ್, ಶಾಲು, ಹಾರ, ಗಣ್ಯರ ಮುಂದೆ ಸಾಲಾಗಿ ಅರ್ಧ ಲೀಟರ್ ನೀರಿನ ಬಾಟಲಿ. ಮಣ್ಣು ಬೇಕಾಗುವುದು ಕುಂಡದ ಸಸಿಗೆ ಗಣ್ಯರು ನೀರೆರೆಯುವಾಗ ಮಾತ್ರ. ಅದೂ ನೋಡಿದರೆ ಕೊಕೊಪೀಟ್, ತೆಂಗಿನ ನಾರಿನ ಪುಡಿ.

ಭಾಷಣಗಳಲ್ಲಿ ಹವಾಮಾನ ಬದಲಾವಣೆ ತಪ್ಪದೆ ಬರುತ್ತದೆ. ಕೊಳೆತ ಎಲೆ, ಬೇರು, ಸಗಣಿಯಿಂದ ಮಣ್ಣಿಗೆ ಸೇರುವ ಇಂಗಾಲವನ್ನು ಹೆಚ್ಚಿಸಬೇಕು, ಆಕಾಶದಲ್ಲಿರುವುದನ್ನು ಕೆಳಗಿಳಿಸಬೇಕು, ರೈತ ಅದಕ್ಕೆ ಮನಸ್ಸು ಮಾಡಬೇಕು. ಮಾತು ಮುಗಿದ ಮೇಲೆ, ಹೊಲದ ಮಣ್ಣು ಪರೀಕ್ಷಿಸಿ ಫಲಿತಾಂಶ ಬರೆದುಕೊಡುವ ಮಣ್ಣು ಆರೋಗ್ಯ ಕಾರ್ಡಿನ ವಿತರಣೆ. ರೈತ, ಶಾಸಕರು, ಕಾರ್ಡು, ಮೂರೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಫೋಟೋ. ಕಾರ್ಡ್ ಕ್ಯಾಮೆರಾ ಕಡೆಗೆ ತಿರುಗಿರುತ್ತದೆ, ರೈತನಿಗೆ ಕಾಣುವುದು ಅದರ ಹಿಂಬದಿ.

2015 ಮಣ್ಣಿನ ಪಾಲಿಗೆ ಸುವರ್ಣ ವರ್ಷ. ವಿಶ್ವಸಂಸ್ಥೆ ಅದನ್ನು ಅಂತರರಾಷ್ಟ್ರೀಯ ಮಣ್ಣಿನ ವರ್ಷ ಎಂದು ಸಾರಿತು. ಫೆಬ್ರವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ ಪ್ರಧಾನಿ ಮಣ್ಣು ಆರೋಗ್ಯ ಕಾರ್ಡ್ ಯೋಜನೆಗೆ ಚಾಲನೆ ಕೊಟ್ಟರು. ಡಿಸೆಂಬರಿನಲ್ಲಿ ಪ್ಯಾರಿಸ್ ಹವಾಮಾನ ಸಮಾವೇಶದಲ್ಲಿ ಫ್ರಾನ್ಸ್, ಪ್ರಪಂಚದ ಮಣ್ಣಿನ ಇಂಗಾಲವನ್ನು ವರ್ಷಕ್ಕೆ ಸಾವಿರಕ್ಕೆ ನಾಲ್ಕರಂತೆ ಏರಿಸೋಣ ಎಂದಿತು. ಸಭಾಂಗಣಗಳಲ್ಲಿ ಮಣ್ಣು ಅಷ್ಟೊಂದು ಫಲವತ್ತಾಗಿದ್ದುದು ಮೊದಲೂ ಇಲ್ಲ, ಆಮೇಲೂ ಇಲ್ಲ. ಈವರೆಗೆ ನಮ್ಮ ದೇಶದಲ್ಲಿ ಹಂಚಿರುವ ಕಾರ್ಡುಗಳು 20 ಕೋಟಿಗೂ ಹೆಚ್ಚು.

ಈ ಕಾರ್ಡ್ ಹುಟ್ಟುವ ಬಗೆಯನ್ನು ನೋಡೋಣ. ಯೋಜನೆ ಶುರುವಾದಾಗಿನ ನಿಯಮದ ಪ್ರಕಾರ ನೀರಾವರಿಯಲ್ಲಿ 2.5 ಹೆಕ್ಟೇರಿಗೊಂದು, ಮಳೆಯಾಶ್ರಿತದಲ್ಲಿ 10 ಹೆಕ್ಟೇರಿಗೊಂದು ಮಾದರಿ. 10 ಹೆಕ್ಟೇರ್ ಎಂದರೆ ಹತ್ತಿರಹತ್ತಿರ 25 ಎಕರೆ. 2015-16ರ ಕೃಷಿ ಗಣತಿಯಲ್ಲಿ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಏಳು ಮನೆಯ ಹೊಲಕ್ಕೆ ಒಂದೇ ಮಾದರಿ. ದಿಬ್ಬದ ಮೇಲೆ ಕಲ್ಲುಮಿಶ್ರಿತ ಗರಸು, ನಡುವೆ ಕೆಂಪು ಮಸಾರಿ, ಹಳ್ಳದ ಬದಿಗೆ ಕಪ್ಪು ಎರೆ, ಮೂರೂ ಆ 25 ಎಕರೆಯೊಳಗೇ ಇರಬಹುದು. ಇರಲಿ. ಎಕರೆಯ ಮೇಲ್ಪದರ, 15 ಸೆಂ.ಮೀ. ಆಳದವರೆಗೆ, ಸುಮಾರು 900 ಟನ್ ತೂಗುತ್ತದೆ. 25 ಎಕರೆಗೆ 22,500 ಟನ್. ಅದರ ಪರವಾಗಿ ಪ್ರಯೋಗಾಲಯಕ್ಕೆ ಹೋಗುವುದು ಅರ್ಧ ಕೆ.ಜಿ. ಇಂಗಾಲದ ಪರೀಕ್ಷೆಗೆ ಫ್ಲಾಸ್ಕಿನೊಳಗೆ ಬೀಳುವುದು ಅದರಲ್ಲಿ ಒಂದು ಗ್ರಾಂ. ಆ ಒಂದು ಗ್ರಾಂ ಮಣ್ಣಿನ ಮೇಲೆ ಇರುವ ಜವಾಬ್ದಾರಿ ಯಾವ ಚುನಾಯಿತ ಪ್ರತಿನಿಧಿಯ ಮೇಲೂ ಇಲ್ಲ.

ಮಾದರಿ ತೆಗೆಯುವ ಕ್ರಮ ಪುಸ್ತಕದಲ್ಲಿ ಸೊಗಸಾಗಿದೆ. ಕೊಯ್ಲಾದ ಮೇಲೆ, ಗೊಬ್ಬರ ಹಾಕುವ ಮೊದಲು, ಹೊಲದಲ್ಲಿ ಅಂಕುಡೊಂಕಾಗಿ ನಡೆದು ಎಂಟು-ಹತ್ತು ಕಡೆ ಮೇಲಿನ ಕಸಕಡ್ಡಿ ಸರಿಸಿ, ಇಂಗ್ಲಿಷಿನ ‘ವಿ’ ಆಕಾರದ 15 ಸೆಂ.ಮೀ. ಗುಂಡಿ ತೋಡಿ, ಗೋಡೆಯಿಂದ ಮೇಲಿಂದ ಕೆಳಗಿನ ತನಕ ಎರಡೂವರೆ ಸೆಂ.ಮೀ. ದಪ್ಪದ ಹೋಳು ಕೆರೆದು, ಎಲ್ಲವನ್ನೂ ಬೆರೆಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಸಾಡಿ, ಅರ್ಧ ಕೆ.ಜಿ. ಉಳಿಯುವ ತನಕ ಇದನ್ನೇ ಮಾಡಿ, ನೆರಳಲ್ಲಿ ಒಣಗಿಸಬೇಕು. ಬದು, ತಿಪ್ಪೆ ಇದ್ದ ಜಾಗ, ಮರದ ಬುಡ, ನೀರು ನಿಲ್ಲುವ ತಗ್ಗು ಬಿಡಬೇಕು.

ಇದನ್ನು ಮಾಡಬೇಕಾದವರಿಗೆ ಮಾರ್ಚ್ ಕೊನೆಯೊಳಗೆ ಗುರಿ ಮುಟ್ಟಿಸುವ ಆದೇಶ. ಬಿಸಿಲು 38 ಡಿಗ್ರಿ. ಹೊಲದಲ್ಲಿ ನೆರಳಿರುವುದು ಬದುವಿನ ಹೊಂಗೆ ಮರದ ಕೆಳಗೆ ಮಾತ್ರ, ನೆಲ ಮೆತ್ತಗಿರುವುದೂ ಅಲ್ಲೇ. ಉದುರಿದೆಲೆ ವರ್ಷಗಟ್ಟಲೆ ಕೊಳೆತ ಆ ಮಣ್ಣಿನಲ್ಲಿ ಇಂಗಾಲ ಹೊಲದ ಎರಡರಷ್ಟಾದರೂ ಅಚ್ಚರಿಯಿಲ್ಲ. ತುಂಬಿಕೊಳ್ಳಲು ಚೀಲ ಬೇಕಲ್ಲ? ಮೂಲೆಯಲ್ಲಿ ರಂಜಕದ ಗೊಬ್ಬರ ಡಿಎಪಿಯ ಖಾಲಿ ಚೀಲ ಇದ್ದೇ ಇರುತ್ತದೆ. ಕಾರ್ಡಿನಲ್ಲಿ ರಂಜಕ ‘ಅಧಿಕ’. ಸತುವಿನ ಲೇಪದ ಬಕೆಟ್ಟಿನಲ್ಲಿ ಕಲಸಿದರೆ ಸತು ‘ಸಾಕಷ್ಟು’. ಲಘು ಪೋಷಕಾಂಶದ ಪರೀಕ್ಷೆಗೆ ಸ್ಟೀಲ್ ಇಲ್ಲವೇ ಮರದ ಸಲಕರಣೆ ಬಳಸಿ ಎಂದು ಕೈಪಿಡಿಯಲ್ಲಿ ಬರೆದಿದೆ. ಆದರೆ ಕೈಪಿಡಿ ಕಚೇರಿಯ ಬೀರುವಿನಲ್ಲಿದೆ.

ಪ್ರಯೋಗಾಲಯದ ಬಗ್ಗೆ ತಕರಾರು ಕಡಿಮೆ. ಇಂಗಾಲ ಅಳೆಯಲು ಒಂದು ಗ್ರಾಂ ಮಣ್ಣಿಗೆ 10 ಮಿ.ಲೀ. ಪೊಟ್ಯಾಸಿಯಂ ಡೈಕ್ರೋಮೇಟ್, 20 ಮಿ.ಲೀ. ಗಂಧಕಾಮ್ಲ, ಅರ್ಧ ಗಂಟೆ ವಿರಾಮ, ಆಮೇಲೆ ನೀರು, ಫಾಸ್ಫಾರಿಕ್ ಆಮ್ಲ, ಡೈಫಿನೈಲ್ ಅಮೀನ್ ಸೂಚಕ. ಫೆರಸ್ ಅಮೋನಿಯಂ ಸಲ್ಫೇಟನ್ನು ಹನಿಹನಿಯಾಗಿ ಬಿಡುತ್ತಾ ಹೋದರೆ ನೀಲಿ-ನೇರಳೆ ಬಣ್ಣ ಥಟ್ಟನೆ ಹಸಿರಾಗುತ್ತದೆ. ಇಡೀ ಯೋಜನೆಯಲ್ಲಿ ಗ್ಯಾರಂಟಿಯಾಗಿ ಹಸಿರಾಗುವುದು ಇದೊಂದೇ.

ಕಾರ್ಡಿನಲ್ಲಿ 12 ಸಾಲು. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ (ಪಿಎಚ್), ಲವಣಾಂಶ, ಸಾವಯವ ಇಂಗಾಲ. ಎರೆಹುಳು ಇದೆಯೇ, ಮಳೆ ನೀರು ಇಂಗುತ್ತದೆಯೇ, ನೇಗಿಲು ಮುಟ್ಟುವ ಆಳದ ಕೆಳಗೆ ಮಣ್ಣು ಗಟ್ಟಿಯಾಗಿದೆಯೇ ಎಂದು ಕೇಳುವುದಿಲ್ಲ. ಆರೋಗ್ಯ ಕಾರ್ಡ್ ಎಂಬ ಹೆಸರಿದ್ದರೂ ಇದು ಗೊಬ್ಬರದಂಗಡಿಗೆ ಬರೆದ ಚೀಟಿ.

ಚೀಟಿಯ ತರ್ಕ ಕೇಳಿ. ಸಾವಯವ ಇಂಗಾಲ ಶೇ 0.5ಕ್ಕಿಂತ ಕೆಳಗಿದ್ದರೆ ‘ಕಡಿಮೆ’. ಬಹಳಷ್ಟು ಕಡೆ ಲಭ್ಯ ಸಾರಜನಕವನ್ನು ಬೇರೆ ಅಳೆಯುವ ಗೋಜಿಗೆ ಹೋಗದೆ ಇಂಗಾಲದ ಅಂಕಿಯಿಂದಲೇ ಅಂದಾಜು ಮಾಡುತ್ತಾರೆ. ಇಂಗಾಲ ಕಡಿಮೆ, ಆದ್ದರಿಂದ ಸಾರಜನಕ ಕಡಿಮೆ, ಆದ್ದರಿಂದ ಶಿಫಾರಸಿನ ಮೇಲೆ ಕಾಲು ಭಾಗ ಹೆಚ್ಚು ಹಾಕಿ. ಮಳೆಯಾಶ್ರಿತ ರಾಗಿಗೆ ಎಕರೆಗೆ 20 ಕೆ.ಜಿ. ಸಾರಜನಕ, ಎಲ್ಲವನ್ನೂ ಯೂರಿಯಾದಲ್ಲೇ ಕೊಟ್ಟರೆ 43 ಕೆ.ಜಿ., ಒಂದು ಮೂಟೆಗೆ ಸರಿ. ಕಾರ್ಡಿನ ಕೃಪೆಯಿಂದ ಅದು 25 ಕೆ.ಜಿ. ಸಾರಜನಕ, 54 ಕೆ.ಜಿ. ಯೂರಿಯಾ. ಹಾಕಿದ ಸಾರಜನಕದ ನೂರರಲ್ಲೊಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಹಾರಿಹೋಗುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಭೂಮಿಯನ್ನು ಬಿಸಿ ಮಾಡುವ ಅದರ ಶಕ್ತಿ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿನ ಸುಮಾರು 270 ಪಟ್ಟು. ಅಂದರೆ ಆ 25 ಕೆ.ಜಿ. ಸಾರಜನಕ ಎಕರೆಗೆ ಹೆಚ್ಚುಕಡಿಮೆ 100 ಕೆ.ಜಿ. ಡೈಆಕ್ಸೈಡಿಗೆ ಸಮ. ಹವಾಮಾನ ಉಳಿಸಲು ಇಂಗಾಲ ಅಳೆದರು, ಇಂಗಾಲ ಇಲ್ಲವೆಂದು ಯೂರಿಯಾ ಬರೆದರು.

ಕಾಂಪೋಸ್ಟ್ ಹಾಕಿ ಎಂಬ ಸಾಲೂ ಕಾರ್ಡಿನಲ್ಲಿ ಇರುತ್ತದೆ, ಇಲ್ಲವೆನ್ನಲಾಗದು. ಆದರೆ 45 ಕೆ.ಜಿ. ಯೂರಿಯಾ ಸಬ್ಸಿಡಿಯಲ್ಲಿ ಸುಮಾರು 266 ರೂಪಾಯಿಗೆ ಸಿಗುತ್ತದೆ. ರಾಗಿಗೆ ಹೇಳಿರುವ ಎಕರೆಗೆ ಮೂರು ಟನ್ ಕೊಟ್ಟಿಗೆ ಗೊಬ್ಬರಕ್ಕೆ ಸಾವಿರಗಟ್ಟಲೆ ಕೊಟ್ಟು, ಟ್ರ್ಯಾಕ್ಟರಿಗೂ ಕೊಟ್ಟು, ಚೆಲ್ಲುವ ಆಳುಗಳನ್ನು ಹುಡುಕಬೇಕು. ಮೂಟೆಯೇ ಭಾರವಾಯಿತೆಂದು ಎಲೆಗೆ ಸಿಂಪಡಿಸುವ ದ್ರವ, ನ್ಯಾನೋ ಯೂರಿಯಾ ಬಂತು. ಅರ್ಧ ಲೀಟರ್ ಸೀಸೆ ಒಂದು ಮೂಟೆಗೆ ಸಮ ಎಂದು ಪ್ರಚಾರ. ಮೂಟೆಯಲ್ಲಿ ಸಾರಜನಕ 20.7 ಕೆ.ಜಿ.; ಶೇ 4ರ ಆ ಮೊದಲ ಸೀಸೆಯಲ್ಲಿದ್ದುದು 20 ಗ್ರಾಂ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂದವರಿಗೆ ಅರೆಕಾಸಿನ ಬೆಲೆ ತಿಳಿದಿತ್ತು. ಇದಕ್ಕೆ ಆಗ 240 ರೂಪಾಯಿ.

ಮಣ್ಣು ಪರೀಕ್ಷೆಯೇ ವ್ಯರ್ಥ ಎಂದು ಯಾರೂ ಹೇಳುವಂತಿಲ್ಲ. 2009ರಲ್ಲಿ ಹೈದರಾಬಾದಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜೊತೆ ಸೇರಿ ಕರ್ನಾಟಕ ಶುರುಮಾಡಿದ ಭೂಚೇತನ ಯೋಜನೆಯಲ್ಲಿ ಗಂಧಕ, ಸತು, ಬೋರಾನ್ ಕೊರತೆ ಪತ್ತೆಹಚ್ಚಿದ್ದಷ್ಟೇ ಅಲ್ಲ, ಜಿಪ್ಸಂ, ಸತುವಿನ ಸಲ್ಫೇಟು, ಬೋರಾನನ್ನು ಅರ್ಧ ಬೆಲೆಗೆ ಕೊಡಿಸಿ, ಹೇಗೆ ಹಾಕಬೇಕೆಂದು ಹೇಳಲು ಊರೂರಿಗೆ ರೈತ ಅನುವುಗಾರರನ್ನು ಇಟ್ಟಿದ್ದರು. ಇಳುವರಿ ಏರಿತು. ಮಾಲು ಬಿತ್ತನೆಗೆ ಮೊದಲು ಸಿಕ್ಕರೆ ಪರೀಕ್ಷೆಗೆ ಅರ್ಥ. ಬಿತ್ತನೆಯಾಗಿ ತೆನೆ ಬಂದ ಮೇಲೆ ಬರುವ ಕಾರ್ಡಿಗೆ ಲ್ಯಾಮಿನೇಷನ್ನೇ ಸರಿ, ಮಳೆಗೆ ನೆನೆಯುವುದಿಲ್ಲ.

ಇಂಗಾಲ ನಿಜವಾಗಿ ಏರುವ ವೇಗವನ್ನು ವೇದಿಕೆಯಲ್ಲಿ ಯಾರೂ ಹೇಳುವುದಿಲ್ಲ, ಏಕೆಂದರೆ ಅದು ಯಾವ ಐದು ವರ್ಷದ ಅವಧಿಗೂ ಹೊಂದುವುದಿಲ್ಲ. ಎಕರೆಯಲ್ಲಿ ಶೇ 0.1 ಏರಿಸಲು 900 ಕೆ.ಜಿ. ಇಂಗಾಲ ಮಣ್ಣಿನಲ್ಲಿ ಉಳಿಯಬೇಕು. ಮೂರು ಟನ್ ಕೊಟ್ಟಿಗೆ ಗೊಬ್ಬರದಲ್ಲಿ ಅರ್ಧ ನೀರು. ಒಣಗಿದ್ದರಲ್ಲಿ ಇಂಗಾಲ ಸುಮಾರು 400 ಕೆ.ಜಿ. ನಮ್ಮ ಬಿಸಿಲಿನಲ್ಲಿ ಸೂಕ್ಷ್ಮಜೀವಿಗಳು ತಿಂದು ಉಸಿರಾಡಿ ಬಿಟ್ಟಮೇಲೆ ಉಳಿಯುವುದು 40ರಿಂದ 80 ಕೆ.ಜಿ. ಹಳೆಯ ಇಂಗಾಲ ಒಂದಿಷ್ಟೂ ಕರಗದಿದ್ದರೂ ಹತ್ತಿಪ್ಪತ್ತು ವರ್ಷದ ಕೆಲಸ. ರೊಟವೇಟರ್ ಹೊಡೆದು ಮಣ್ಣು ಪುಡಿ ಮಾಡಿದರೆ ಕರಗುವುದು ಇನ್ನೂ ಜೋರು.

ಹಸಿರೆಲೆ ಗೊಬ್ಬರವೂ ಸುಲಭವಲ್ಲ. ಮುಂಗಾರುಪೂರ್ವ ಮಳೆಗೆ ಎಕರೆಗೆ 20 ಕೆ.ಜಿ. ಸೆಣಬು ಚೆಲ್ಲಿ, 45 ದಿನಕ್ಕೆ ಹೂ ಕಟ್ಟುವಾಗ ಮಣ್ಣಿಗೆ ಸೇರಿಸಿ, ಹತ್ತು-ಹದಿನೈದು ದಿನ ಕೊಳೆಯಲು ಬಿಡಬೇಕು. ಆ ಹೊತ್ತಿಗೆ ಮಳೆ ಕೈಕೊಟ್ಟರೆ ಸೊಪ್ಪು ಕೊಳೆಯದೆ ನಾರಾಗುತ್ತದೆ, ಸೆಣಬು ಕುಡಿದ ತೇವ ರಾಗಿಗಿಲ್ಲ. ಮೆಕ್ಕೆಜೋಳದ ದಂಟು ಸುಡದೆ ಮಣ್ಣಿಗೆ ಸೇರಿಸಿದವನ ಪೈರು ಮೂರು ವಾರದಲ್ಲಿ ಹಳದಿಯಾಗುತ್ತದೆ. ದಂಟಿನಲ್ಲಿ ಇಂಗಾಲ ಸಾರಜನಕದ ಸುಮಾರು 60 ಪಟ್ಟು. ಅದನ್ನು ಅರಗಿಸಲು ಜೀವಾಣುಗಳು ಪೈರಿನ ಪಾಲನ್ನೇ ಕಸಿಯುತ್ತವೆ. ಆಗ ಬೇಕಾಗುವುದು ಸ್ವಲ್ಪ ಯೂರಿಯಾ! ಇದನ್ನು ಹೇಳಿದರೆ ಸಹಜ ಕೃಷಿಯವರು ವೇದಿಕೆಯಿಂದ ಇಳಿಸುತ್ತಾರೆ. ಅವರ ಪ್ರಕಾರ 200 ಲೀಟರ್ ಡ್ರಮ್ಮಿನಲ್ಲಿ 10 ಕೆ.ಜಿ. ಸಗಣಿ, ಗಂಜಲ, ಎರಡೆರಡು ಕೆ.ಜಿ. ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು ಕಲಸಿದರೆ ಎಲ್ಲಕ್ಕೂ ಪರಿಹಾರ. ಹತ್ತು ಕೆ.ಜಿ. ಸಗಣಿಯಿಂದ 900 ಕೆ.ಜಿ. ಇಂಗಾಲ ಬರುವ ಪವಾಡಕ್ಕೆ ಬೆಲ್ಲ ಒಂದಿಷ್ಟು ಕಡಿಮೆ ಎನಿಸುತ್ತದೆ.

ನೀರಿನ ಭರವಸೆಯೂ ಹಾಗೆಯೇ. ಇಂಗಾಲ ಒಂದು ಪ್ರತಿಶತ ಏರಿದರೆ ಮಣ್ಣು ಸ್ಪಂಜಾಗಿ ಬರವನ್ನೇ ಗೆಲ್ಲುತ್ತದೆ ಎನ್ನುತ್ತಾರೆ. ಅಳೆದು ನೋಡಿದವರ ಪ್ರಕಾರ 10 ಸೆಂ.ಮೀ. ಮಣ್ಣಿಗೆ ಬೆಳೆಗೆ ಸಿಗುವ ನೀರು ಹೆಚ್ಚಾಗುವುದು ಒಂದು ಮಿ.ಮೀ. ಆಸುಪಾಸು. ಲಾಭ ಬೇರೆಡೆ ಇದೆ: ಮೇಲೆ ಕಸದ ಹೊದಿಕೆ ಇದ್ದರೆ ಹೊಡೆತದ ಮಳೆಗೆ ಮೇಲ್ಪದರ ಹೆಪ್ಪುಗಟ್ಟದು, ನೀರು ಹರಿದುಹೋಗದೆ ಇಂಗುತ್ತದೆ. ಅದಕ್ಕೆ ಕಾರ್ಡು ಬೇಡ, ಬೆಂಕಿಕಡ್ಡಿ ಜೇಬಿನಲ್ಲೇ ಉಳಿದರೆ ಸಾಕು. ಆದ್ದರಿಂದಲೇ ಅದಕ್ಕೆ ಯೋಜನೆಯೂ ಇಲ್ಲ.

ಈಗ ಹೊಸ ಅತಿಥಿಗಳು ಲ್ಯಾಪ್‌ಟಾಪ್ ಹಿಡಿದು ಬಂದಿದ್ದಾರೆ. ಮಣ್ಣಿಗೆ ಮತ್ತೆ ಜೀವ ತುಂಬುವ ರಿಜನರೇಟಿವ್ ಕೃಷಿ ಮಾಡಿ, ಮಣ್ಣಿನಲ್ಲಿಟ್ಟ ಇಂಗಾಲಕ್ಕೆ ಕಂಪನಿಗಳು ದುಡ್ಡು ಕೊಟ್ಟು ಕೊಳ್ಳುವ ‘ಇಂಗಾಲದ ಕ್ರೆಡಿಟ್’ ಪಡೆಯಿರಿ ಎನ್ನುತ್ತಾರೆ. ಒಂದು ಕ್ರೆಡಿಟ್ ಎಂದರೆ ಒಂದು ಟನ್ ಡೈಆಕ್ಸೈಡ್, ಅದರಲ್ಲಿ ಇಂಗಾಲ ಸುಮಾರು 273 ಕೆ.ಜಿ. ಅಂತರರಾಷ್ಟ್ರೀಯ ಲೆಕ್ಕಕ್ಕೆ 30 ಸೆಂ.ಮೀ. ಆಳ ಬೇಕು, ಎಕರೆಗೆ ಸುಮಾರು 1,800 ಟನ್ ಮಣ್ಣು. ವರ್ಷಕ್ಕೊಂದು ಕ್ರೆಡಿಟ್ ಬರಬೇಕಾದರೆ ಇಂಗಾಲ ಶೇ 0.015 ಏರಬೇಕು. ನಮ್ಮ ಕಾರ್ಡ್ ದಶಮಾಂಶದ ಎರಡನೇ ಸ್ಥಾನಕ್ಕೇ ಏದುಸಿರು ಬಿಡುತ್ತದೆ. ಒಂದೇ ಹೊಲದಲ್ಲಿ ಹತ್ತು ಹೆಜ್ಜೆಗೆ ಶೇ 0.1ರ ವ್ಯತ್ಯಾಸ ಮಾಮೂಲು. ಮಣ್ಣಿನ ಸಾಂದ್ರತೆ ಅಳೆಯದೆ ಟನ್ನಿನ ಲೆಕ್ಕವೇ ಹುಟ್ಟುವುದಿಲ್ಲ, ಅದು ಹನ್ನೆರಡು ಸಾಲಿನಲ್ಲಿ ಇಲ್ಲ.

ಹಾಗೆಂದು ನಿರಾಶರಾಗಬೇಡಿ. ಮೊದಲ ಮಾದರಿಯನ್ನು ದಿಬ್ಬದ ಮೇಲಿನ ಕೊಚ್ಚಿಹೋದ ಗರಸಿನಲ್ಲಿ ತೆಗೆಸಿ, ಶೇ 0.4 ಬರಲಿ. ಎರಡನೆಯದನ್ನು ಹೊಂಗೆ ಮರದಡಿ ತೆಗೆಸಿ, ಶೇ 0.9. ಎಕರೆಗೆ 9 ಟನ್ ಇಂಗಾಲ, 33 ಕ್ರೆಡಿಟ್, ಒಂದೇ ಮಧ್ಯಾಹ್ನದಲ್ಲಿ. ಪ್ಯಾರಿಸ್ಸಿನವರು ಕೇಳಿದ ಸಾವಿರಕ್ಕೆ ನಾಲ್ಕು ಎಲ್ಲಿ, ಇದೆಲ್ಲಿ! ಜಾಗ ಬದಲಾಯಿತೆಂದು ಯಾರಾದರೂ ನಕ್ಷೆ ತೆಗೆದರೆ, ಮೊಬೈಲಿನ ಜಿಪಿಎಸ್ ಐದು-ಹತ್ತು ಮೀಟರ್ ಆಚೀಚೆ ತೋರಿಸುವುದು ಸಹಜ ಎಂದು ಹೇಳಿ. ಮುಂದಿನ ವರ್ಷದ ಮಾದರಿಗೆ ದಿಬ್ಬದ ಬಳಿಯೇ ಇನ್ನೊಂದು ಹೊಂಗೆ ನೆಟ್ಟಿರಿ. ಸಸಿಗೆ ಸಬ್ಸಿಡಿ ಉಂಟು, ಅರ್ಜಿಯ ಜೊತೆ ಮಣ್ಣು ಆರೋಗ್ಯ ಕಾರ್ಡಿನ ಜೆರಾಕ್ಸ್ ಎರಡು ಪ್ರತಿ.