ಹಳೆ ಗಾಡಿಯ ಮುಂದಿನ ಗಾಜು: ‘ಅಡ್ಜಸ್ಟ್ ಮಾಡ್ತೀವಿ’ ಅಂದರೆ ಒಪ್ಪಬೇಡಿ

ಹಳೆ ಗಾಡಿ ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸ್ವಲ್ಪ ಉದ್ದ ಆಗುತ್ತೆ. ಮುಂದಿನ ಗಾಜು ಒಡೆದಾಗ "ಯಾವುದೋ ಒಂದು ಹಾಕಿಸಿ ಬಿಡೋಣ, ಗಾಡಿ ಓಡಿದರೆ ಸಾಕು" ಅಂತ ನಾವೂ ಅಂದಿದ್ದೆವು. ಆ ಒಂದು ಮಾತಿಗೆ ಎರಡು ಗಾಜಿನ ದುಡ್ಡು ಹೋಯಿತು, ಒಂದು ಮಳೆಗಾಲ ಅರ್ಧ ಹೋಯಿತು. ದುಡ್ಡಿನ ವಿಷಯ ಬಿಡಿ. ಆವತ್ತು ಮಾವನವರು ಗಾಡಿಯಲ್ಲಿ ಕೂತಿದ್ದರೆ ಅಂತ ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತೆ.

ನಮ್ಮದು 1994ರ ಪ್ರೀಮಿಯರ್ ಪದ್ಮಿನಿ ಕಾರು. ಮಾವನವರು ಮುಂಬೈನ ಫೋರ್ಟಿನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಾಗ ಸಾಲ ಮಾಡಿ ಕೊಂಡದ್ದು. ಮುಲುಂಡಿನಿಂದ ಕುಮಟಾಕ್ಕೆ ಚೌತಿಗೆ ಹೋಗಿದ್ದು ಇದರಲ್ಲೇ, ಮದುವೆಯಾದ ಮೇಲೆ ನನ್ನನ್ನು ಮನೆಗೆ ಕರೆದುಕೊಂಡು ಬಂದಿದ್ದೂ ಇದರಲ್ಲೇ. ಈಗ ಮಾವನವರಿಗೆ ಎಂಬತ್ತು ದಾಟಿದೆ. ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಗಾಡಿಯಲ್ಲಿ ಕೂತು ಸ್ಟಾರ್ಟ್ ಮಾಡಿ, ನಮ್ಮನೆಯವರ ಜೊತೆ ಒಂದು ಸುತ್ತು ಹೋಗಿ ಬರಲೇಬೇಕು.

ಘೋಡ್‌ಬಂದರ್ ರಸ್ತೆಯಲ್ಲಿ ಡಂಪರ್ ಒಂದರ ಚಕ್ರದಿಂದ ಕಲ್ಲು ಹಾರಿ ಗಾಜಿಗೆ ಬಡಿಯಿತು. ಹೆಸರುಕಾಳಿನಷ್ಟು ಒಂದು ಚುಕ್ಕೆ, ಅಷ್ಟೇ. ಅದನ್ನು ನೋಡಿ ನೋಡಿ ಸುಮ್ಮನಾದೆವು. ಅಷ್ಟು ಚಿಕ್ಕದಿದ್ದಾಗಲೇ ತೋರಿಸಿದ್ದರೆ ರೆಸಿನ್ ಅನ್ನೋ ಅಂಟು ತುಂಬಿ ಅಲ್ಲಿಗೇ ನಿಲ್ಲಿಸಬಹುದಿತ್ತು. ಮೇ ತಿಂಗಳಲ್ಲಿ ಮಧ್ಯಾಹ್ನದ ಬಿಸಿಲಿಗೆ ಕಾದು ನಿಂತಿದ್ದ ಗಾಡಿಗೆ ತೊಳೆಯುವ ಹುಡುಗ ಒಂದು ಬಕೆಟ್ ತಣ್ಣೀರು ಸುರಿದ. ಟಪ್ ಅಂತ ಶಬ್ದ. ಚುಕ್ಕೆಯಿಂದ ಗೇಣುದ್ದದ ಗೆರೆ ಎದ್ದಿತ್ತು, ಮಾರನೇ ದಿನ ಅದು ಅಂಚು ಮುಟ್ಟಿತ್ತು. ಹುಡುಗನ ತಪ್ಪಲ್ಲ ಅದು. ಬಿಸಿ ಗಾಜಿಗೆ ತಣ್ಣೀರು ಬಿದ್ದರೆ ಮೇಲ್ಮೈ ಒಮ್ಮೆಗೇ ಕುಗ್ಗುತ್ತೆ, ಮೊದಲೇ ಗಾಯ ಇರುವ ಜಾಗದಿಂದ ಬಿರುಕು ಹೊರಡುತ್ತೆ. ಬಿಸಿಲಲ್ಲಿ ನಿಂತ ಗಾಡಿಗೆ ಹತ್ತಿದ ತಕ್ಷಣ ಎಸಿ ಜೋರಾಗಿ ಗಾಜಿಗೆ ಬಿಟ್ಟರೂ ಹೀಗೇ ಆಗಬಹುದು.

ಬಿರುಕು ಬಿಟ್ಟರೂ ಗಾಜು ನಿಂತೇ ಇತ್ತು. ಯಾಕಂದರೆ ಅದು ಲ್ಯಾಮಿನೇಟೆಡ್. ಎರಡು ತೆಳು ಗಾಜು, ನಡುವೆ ಪಿವಿಬಿ ಅನ್ನೋ ಪ್ಲಾಸ್ಟಿಕ್ ಹಾಳೆ. ಒಡೆದರೂ ಚೂರುಗಳು ಆ ಹಾಳೆಗೆ ಅಂಟಿಕೊಂಡೇ ಇರುತ್ತವೆ. ಆಗ ನನಗೆ ಇದೆಲ್ಲ ಗೊತ್ತಿರಲಿಲ್ಲ, ಗಾಜು ಅಂದರೆ ಗಾಜು ಅಂದುಕೊಂಡಿದ್ದೆ.

ರಿಜಿಸ್ಟ್ರೇಷನ್ ನವೀಕರಣ ಹತ್ತಿರ ಬಂದಿತ್ತು. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ತೋರಿಸಬೇಕಲ್ವಾ, ಅಡ್ಡಕ್ಕೆ ಬಿರುಕು ಬಿಟ್ಟ ಗಾಜು ಇಟ್ಟುಕೊಂಡು ಹೋಗೋದು ಹೇಗೆ? ಅವಸರದಲ್ಲಿ ಉಪನಗರದ ಒಂದು ಅಂಗಡಿಗೆ ಹೋದೆವು. "ಪದ್ಮಿನಿಯದ್ದು ಇದೆ, ಸೇಮ್ ಟು ಸೇಮ್" ಅಂದರು. ಟಫನ್ಡ್ ಗಾಜು, ಅಂದರೆ ನಡುವೆ ಹಾಳೆ ಇಲ್ಲದ, ಕಾಯಿಸಿ ಗಟ್ಟಿ ಮಾಡಿದ ಒಂದೇ ಪದರದ ಗಾಜು. "ಇದು ಕಂಪನಿ ಗಾಜಿಗಿಂತ ಗಟ್ಟಿ, ಸ್ವಲ್ಪ ಬಾಗು ವ್ಯತ್ಯಾಸ ಇದ್ದರೆ ಅಡ್ಜಸ್ಟ್ ಮಾಡ್ತೀವಿ" ಅಂದರು. 3,500 ರೂಪಾಯಿ. ಗಾಜಿನ ಸುತ್ತ ಇದ್ದ ಹಳೇ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್‌ಗೇ ಕೂರಿಸಿ, ಸಂದಿ ಕಂಡಲ್ಲೆಲ್ಲ ಸಿಲಿಕೋನ್ ಅಂಟು ಬಳಿದು ಒಂದು ಗಂಟೆಯಲ್ಲಿ ಕೈಗೆ ಕೊಟ್ಟರು. ನಮಗೆ ಖುಷಿಯೋ ಖುಷಿ.

ಜೂನ್ ಮೊದಲ ಮಳೆಗೆ ಡ್ರೈವರ್ ಕಾಲ ಬಳಿ ನೀರು. ಮತ್ತೆ ಹೋದೆವು, ಮತ್ತೆ ಸಿಲಿಕೋನ್ ಬಳಿದರು. ಜುಲೈ ಮೊದಲ ವಾರ, ಶನಿವಾರ ರಾತ್ರಿ. ಯಾರೂ ಮುಟ್ಟಿಲ್ಲ, ಗಾಡಿ ನಿಂತಲ್ಲೇ ನಿಂತಿದೆ. ಭಾನುವಾರ ಬೆಳಿಗ್ಗೆ ಮಾವನವರು ಕೀ ಹಿಡಿದು ಕೆಳಗೆ ಹೋದವರು ಅಲ್ಲಿಂದಲೇ ಕೂಗಿದರು. ಹೋಗಿ ನೋಡಿದರೆ ಮುಂದೆ ಗಾಜೇ ಇಲ್ಲ! ಸೀಟಿನ ಮೇಲೆ, ಸ್ಟೇರಿಂಗ್ ಮೇಲೆ, ಡ್ಯಾಶ್‌ಬೋರ್ಡ್ ಮೇಲೆ ಕಲ್ಲುಸಕ್ಕರೆ ಚೆಲ್ಲಿದ ಹಾಗೆ ಚೂರುಗಳು. ಮಾವನವರು ಸೀಟಿನ ಮೇಲಿನ ಚೂರುಗಳನ್ನು ಅಂಗೈಯಲ್ಲಿ ಒಂದಿಷ್ಟು ತೆಗೆದುಕೊಂಡು ನೋಡುತ್ತಾ ನಿಂತಿದ್ದರು. ಒಂದು ಮಾತೂ ಆಡಲಿಲ್ಲ.

ಟಫನ್ಡ್ ಗಾಜಿನ ಸ್ವಭಾವವೇ ಅದು. ಹೊಡೆತಕ್ಕೆ ಗಟ್ಟಿ ಅನ್ನೋದು ನಿಜ. ಆದರೆ ಅದರ ಮೈಯೊಳಗೆ ಬಿಗಿತ ತುಂಬಿಟ್ಟಿರುತ್ತಾರೆ, ಅಂಚಿನಲ್ಲಿ ಒಂದು ಕಡೆ ಪೆಟ್ಟೋ ಒತ್ತಡವೋ ಜಾಸ್ತಿ ಆದರೆ ಬಿರುಕು ಬಿಡಲ್ಲ, ಪೂರ್ತಿ ಗಾಜೇ ಒಂದೇ ಸಲಕ್ಕೆ ಪುಡಿ ಆಗುತ್ತೆ. ಪಕ್ಕದ ಬಾಗಿಲಿಗೆ ಅದು ಸರಿ. ಎಪ್ಪತ್ತು ಎಂಬತ್ತು ಕಿ.ಮೀ. ವೇಗದಲ್ಲಿ ಓಡುವಾಗ ಮುಖದ ಮುಂದಿನ ಗಾಜು ಹಾಗಾದರೆ? ಸುಮ್ನೆ ಅಲ್ಲ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 100ನೇ ನಿಯಮ ಗಾಜಿನ ಬಗ್ಗೆಯೇ ಇರೋದು. ಮುಂದಿನ ಗಾಜು ಲ್ಯಾಮಿನೇಟೆಡ್ ಇರಬೇಕು, ಅದರಿಂದ ಕನಿಷ್ಠ 70% ಬೆಳಕು ಹಾಯಬೇಕು. ಅದಕ್ಕಿಂತ ಹಿಂದಿನ ಎಷ್ಟೋ ಗಾಡಿಗಳಲ್ಲಿ ಮುಂದೆಯೂ ಟಫನ್ಡ್ ಇರುತ್ತಿತ್ತು. ನಿಮ್ಮ ಗಾಡಿ ಅಷ್ಟು ಹಳೆಯದಾದರೂ, ಹೊಸದಾಗಿ ಹಾಕುವಾಗ ಲ್ಯಾಮಿನೇಟೆಡ್ ಗಾಜನ್ನೇ ಕೇಳಿ. ಅಂಗಡಿಯವರು ಸಾವಿರ ಹೇಳಲಿ, ಇದೊಂದು ವಿಷಯದಲ್ಲಿ ಬಗ್ಗಬೇಡಿ.

ಅಲ್ಲಿಂದ ನಿಜವಾದ ಹುಡುಕಾಟ ಶುರು. ಪದ್ಮಿನಿ ತಯಾರಾದದ್ದು ಇದೇ ಮುಂಬೈನ ಕುರ್ಲಾದಲ್ಲಿ. 1964ರ ಫಿಯಾಟ್ 1100 ಡಿಲೈಟ್‌ನಿಂದ ಹಿಡಿದು ಕೊನೆಯ ಪದ್ಮಿನಿಯವರೆಗೆ ಮೈಕಟ್ಟು ಹೆಚ್ಚು ಕಡಿಮೆ ಒಂದೇ. ಊರು ತುಂಬ ಓಡಿದ ಗಾಡಿ, ಗಾಜಿಗೇನು ಬರ ಅಂದುಕೊಂಡಿದ್ದೆ. ಆಪೆರಾ ಹೌಸ್ ಕಡೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳನ್ನು ಹತ್ತಿ ಇಳಿದು ಕಾಲು ಸೋತವು. ಒಬ್ಬ ಹಿರಿಯರು ಮಾತ್ರ ಕೂರಿಸಿ ಚಹಾ ಕೊಟ್ಟು ವಿಷಯ ಬಿಡಿಸಿ ಹೇಳಿದರು. ಕಾಳಿ-ಪೀಳಿ ಅನ್ನೋ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು ಇರುವವರೆಗೆ ಪದ್ಮಿನಿ ಸಾಮಾನಿಗೆ ಬೇಡಿಕೆ ಇತ್ತು, ಬೇಡಿಕೆ ಇದ್ದಲ್ಲಿ ಮಾಲು ಇತ್ತು. ಟ್ಯಾಕ್ಸಿಯ ವಯಸ್ಸಿಗೆ ಇಪ್ಪತ್ತು ವರ್ಷದ ಮಿತಿ ಬಂದು ಒಂದೊಂದೇ ಟ್ಯಾಕ್ಸಿ ಗುಜರಿಗೆ ಹೋಯಿತು, 2023ರ ಅಕ್ಟೋಬರ್‌ನಲ್ಲಿ ಕೊನೆಯದ್ದೂ ರಸ್ತೆಯಿಂದ ಇಳಿಯಿತು. ಈಗ ಯಾರು ಗಾಜು ತರಿಸಿ ಗೋಡೆಗೆ ಒರಗಿಸಿ ಇಟ್ಟುಕೊಳ್ಳುತ್ತಾರೆ? ಗಾಜು ಜಾಗ ತಿನ್ನೋ ಮಾಲು, ಒಡೆಯೋ ಮಾಲು. ಅವರ ಮಾತು ಕೇಳಿದ ಮೇಲೆ ಯಾರ ಮೇಲೂ ಸಿಟ್ಟು ಬರಲಿಲ್ಲ.

ಗಾಡಿ ಜೀಪಿನಂಥದ್ದಾಗಿದ್ದರೆ ಇಷ್ಟು ಕಷ್ಟ ಇಲ್ಲ. ಚಪ್ಪಟೆ ಗಾಜು, ಲ್ಯಾಮಿನೇಟೆಡ್ ಹಾಳೆಯಿಂದ ಅಳತೆಗೆ ಕತ್ತರಿಸಿ ಕೊಡುತ್ತಾರೆ. ಬಾಗಿದ ಗಾಜು ಹಾಗಲ್ಲ. ಎರಡೂ ಪದರವನ್ನು ಜೋಡಿಯಾಗಿ ಬಿಸಿಯಲ್ಲಿ ಬಗ್ಗಿಸಿ, ಆಮೇಲೆ ನಡುವೆ ಹಾಳೆ ಇಟ್ಟು ಒತ್ತಬೇಕು, ಅದಕ್ಕೆ ಅಚ್ಚು ಬೇಕು. ಟಫನ್ಡ್ ಅನ್ನಂತೂ ತಯಾರಾದ ಮೇಲೆ ಕತ್ತರಿಸೋಕೇ ಆಗಲ್ಲ. ಹಾಗಾಗಿ ‘ಬಾಗು ಸ್ವಲ್ಪ ವ್ಯತ್ಯಾಸ’ ಅಂದರೆ ಅದು ನಿಮ್ಮ ಗಾಡಿಯ ಗಾಜೇ ಅಲ್ಲ. ರಬ್ಬರ್ ಎಳೆದು ಕೂರಿಸಬಹುದು. ಆದರೆ ಗಾಜು ಅಲ್ಲಿ ಸದಾ ಬಿಗಿದುಕೊಂಡೇ ಕೂತಿರುತ್ತೆ.

ಇನ್ನೊಂದು, ಮಾಡೆಲ್ ಹೆಸರು ಹೇಳಿ ಗಾಜು ಕೇಳಬೇಡಿ, ಸಾಲೋದಿಲ್ಲ. ಮಾರುತಿ 800 ಅಂದರೆ 1983ರಲ್ಲಿ ಬಂದ ಗಾಡಿಯ ಮೈಕಟ್ಟೇ ಬೇರೆ, 1986ರಲ್ಲಿ ಬದಲಾದ ಗಾಡಿಯದ್ದೇ ಬೇರೆ. ಹೋಂಡಾ ಸಿಟಿ ಅಂತ 1998ರಲ್ಲೂ ಇತ್ತು, 2003ರಲ್ಲೂ ಇತ್ತು, 2008ರಲ್ಲೂ ಇತ್ತು. ಹೆಸರು ಒಂದೇ, ಗಾಜು ಮೂರು. ತಯಾರಾದ ವರ್ಷ, ತಿಂಗಳು, ಚಾಸಿ ನಂಬರ್ ಬರೆದುಕೊಂಡು ಹೋಗಿ. ಹಳೇ ಗಾಜು ತುಂಡಾಗಿದ್ದರೂ ಎಸೆಯಬೇಡಿ.

ನಮ್ಮ ಪುಣ್ಯಕ್ಕೆ ಮೊದಲಿನ ಬಿರುಕು ಬಿಟ್ಟ ಗಾಜನ್ನು ನಮ್ಮನೆಯವರು ಸೊಸೈಟಿಯ ಮೆಟ್ಟಿಲ ಕೆಳಗೆ ಗೋಣಿ ಸುತ್ತಿ ಇಟ್ಟಿದ್ದರು. ಅದನ್ನು ಫ್ರಿಜ್ ಬಂದಿದ್ದ ದೊಡ್ಡ ರಟ್ಟಿನ ಮೇಲೆ ಇಟ್ಟು ಸುತ್ತ ಪೆನ್ಸಿಲ್ ಎಳೆದು ಕತ್ತರಿಸಿದೆವು. ಬಾಗು ಅಳೆಯೋದು ಹೇಗೆ? ನೇರವಾದ ಒಂದು ಮರದ ಪಟ್ಟಿಯನ್ನು ಗಾಜಿನ ಒಳಮೈಗೆ ಅಡ್ಡ ಹಿಡಿದು, ಎರಡು ತುದಿ ಗಾಜಿಗೆ ತಾಗಿಸಿ, ನಡುವೆ ಪಟ್ಟಿಗೂ ಗಾಜಿಗೂ ಎಷ್ಟು ಸಂದಿ ಇದೆ ಅಂತ ಸ್ಕೇಲಿನಲ್ಲಿ ನೋಡಿ ರಟ್ಟಿನ ಮೇಲೇ ಬರೆದೆವು. ಮೇಲೆ, ನಡುವೆ, ಕೆಳಗೆ, ಮೂರು ಕಡೆ. ಈ ರಟ್ಟು ಹಿಡಿದುಕೊಂಡು ಕುರ್ಲಾದ ಸಿಎಸ್‌ಟಿ ರಸ್ತೆಗೆ ಹೋದ ಮೇಲೆ ಅಂಗಡಿಯವರು ಮಾತಾಡುವ ರೀತಿಯೇ ಬದಲಾಯಿತು. ‘ಕೂರುತ್ತೆ ಬಿಡಿ’ ಅನ್ನೋ ಮಾತೇ ಬರಲಿಲ್ಲ, ರಟ್ಟು ಇಟ್ಟು ನೋಡಿ ಹೌದು ಅಥವಾ ಇಲ್ಲ, ಅಷ್ಟೇ.

ಮೂರು ಗಾಜು ಸಿಕ್ಕಿದವು. ಒಂದು ಗುಜರಿಗೆ ಬಂದ ಟ್ಯಾಕ್ಸಿಯದ್ದು. ಅಳತೆ ಸರಿ, ಆದರೆ ಸೂರ್ಯನ ಕಡೆ ಎತ್ತಿ ಹಿಡಿದರೆ ವೈಪರ್ ಉಜ್ಜಿದ ಗೀರು ಕಮಾನಿನಂತೆ ತುಂಬಿಕೊಂಡಿತ್ತು. ರಾತ್ರಿ ಎದುರಿನ ಲೈಟ್ ಬಿದ್ದರೆ ಏನೂ ಕಾಣಲ್ಲ. ಇನ್ನೊಂದರ ಅಂಚು ಎರಡು ಬೆರಳಷ್ಟು ಅಗಲ ಹಾಲಿನ ಹಾಗೆ ಬೆಳ್ಳಗಾಗಿತ್ತು, ಅಂದರೆ ಒಳಗಿನ ಹಾಳೆಗೆ ತೇವ ಹೊಕ್ಕು ಪದರ ಬಿಡುತ್ತಿದೆ. ಮೂರನೆಯದ್ದು ಮಾಳಿಗೆ ಮೇಲೆ ಹಳೇ ಮರಾಠಿ ಪೇಪರ್ ಸುತ್ತಿ ಇಟ್ಟಿದ್ದ, ಗಾಡಿಗೆ ಹಾಕದೇ ಉಳಿದ ಮಾಲು. ಮೂಲೆಯಲ್ಲಿ ಧೂಳು ಒರೆಸಿದರೆ ತಯಾರಕರ ಹೆಸರು, ಲ್ಯಾಮಿನೇಟೆಡ್ ಅನ್ನೋ ಪದ, ಸುರಕ್ಷಾ ಗಾಜಿಗಿರುವ ಭಾರತೀಯ ಮಾನಕದ ಐಎಸ್ 2553 ಗುರುತು. ಅಂಚನ್ನು ಪಕ್ಕದಿಂದ ನೋಡಿದರೆ ಎರಡು ಗಾಜಿನ ನಡುವಿನ ಗೆರೆ ಚೆನ್ನಾಗಿ ಕಾಣುತ್ತಿತ್ತು. ಟಫನ್ಡ್‌ನಲ್ಲಿ ಆ ಗೆರೆ ಇರಲ್ಲ. 6,500 ಅಂದರು. ಚೌಕಾಸಿ ಮಾಡೋಕೆ ನನಗೆ ಮನಸ್ಸೇ ಬರಲಿಲ್ಲ.

ಗಾಜು ಕೂರಿಸೋಕೆ ಅದೇ ಗಲ್ಲಿಯಲ್ಲಿ ಒಬ್ಬ ಫಿಟ್ಟರ್ ಸಿಕ್ಕರು. ನಾವಿಬ್ಬರೂ ಕನ್ನಡದಲ್ಲಿ ಮಾತಾಡೋದು ಕೇಳಿ ಅವರೇ ಹತ್ತಿರ ಬಂದರು, ವಿಜಯಪುರ ಜಿಲ್ಲೆಯವರು, ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದಾರೆ. ಗಾಡಿ ಸುತ್ತ ಒಂದು ಸಲ ನೋಡಿ, ಚೌಕಟ್ಟಿನ ಕೆಳಗಿನ ಮೂಲೆಗೆ ಸ್ಕ್ರೂಡ್ರೈವರ್ ತುದಿ ಒತ್ತಿದರು. ತುಕ್ಕು ಬಿಸ್ಕತ್ತಿನ ಹಾಗೆ ಉದುರಿತು.

"ಅಕ್ಕಾರ, ಗಾಜಿಂದ ಏನೂ ತಪ್ಪ ಇಲ್ರಿ. ಇಲ್ಲಿ ನೋಡ್ರಿ, ಜಂಗ ಉಬ್ಬೇತಿ. ಗಾಜ ಇದರ ಮ್ಯಾಲೆ ಕುಂತಿತ್ತು. ಹೆಂಗ ತಡೀತೈತಿ?"

ಆಗ ಅರ್ಥವಾಯಿತು. ಸಮುದ್ರದ ಗಾಳಿಯ ಊರು, ಮೂವತ್ತು ಮಳೆಗಾಲ. ರಬ್ಬರ್ ಒಳಗೆ ನೀರು ನಿಂತು ನಿಂತು ಚೌಕಟ್ಟಿನ ತಗಡು ಉಬ್ಬಿಕೊಂಡಿತ್ತು. ಆ ಒಂದು ಉಬ್ಬು ಗಾಜಿನ ಅಂಚನ್ನು ಹಗಲೂ ರಾತ್ರಿ ಒತ್ತುತ್ತಿತ್ತು. ಮೊದಲಿನ ಅಂಗಡಿಯವರು ಅದನ್ನು ಕಂಡಿರಲೇಬೇಕು, ಹಳೇ ಗಾಜು ತೆಗೆದವರು ಅವರೇ ತಾನೇ? ಹೇಳದೆ ಮೇಲೆ ಸಿಲಿಕೋನ್ ಬಳಿದರು. ನನಗೆ ಅವರ ಮೇಲೆ ಸಿಟ್ಟು ಇರೋದು ಇದಕ್ಕೆ. ಟಫನ್ಡ್ ಕೊಟ್ಟಿದ್ದಕ್ಕಿಂತ ಜಾಸ್ತಿ ಇದಕ್ಕೆ.

ನಾಲ್ಕು ದಿನ ಗಾಡಿ ಅಲ್ಲೇ ಬಿಟ್ಟೆವು. ತುಕ್ಕು ಕೆರೆದು, ತಿಂದುಹೋದ ಕಡೆ ತಗಡಿನ ತುಂಡು ಬೆಸೆದು, ಉಜ್ಜಿ ಸಮ ಮಾಡಿ, ಪ್ರೈಮರ್ ಮತ್ತು ಬಣ್ಣ ಹೊಡೆದು ಒಣಗಿಸಿದರು. ಹೊಸ ಬೀಡಿಂಗ್ ತಂದು ಬಿಸಿಲಿಗೆ ಹಾಕಿ ಮೆತ್ತಗೆ ಮಾಡಿದರು. ಕೂರಿಸುವ ದಿನ ನಾವು ಪಕ್ಕದಲ್ಲೇ ನಿಂತು ನೋಡಿದೆವು. ಮೊದಲು ಗಾಜಿನ ಸುತ್ತ ರಬ್ಬರ್ ತೊಡಿಸಿದರು. ರಬ್ಬರಿನ ಹೊರಗಡೆಯ ಸೀಳಿನಲ್ಲಿ ತೆಳು ನೈಲಾನ್ ಹಗ್ಗ ಸುತ್ತಲೂ ಕೂರಿಸಿ, ಎರಡೂ ತುದಿಯನ್ನು ಕೆಳಗೆ ನಡುಮಧ್ಯ ಗಾಡಿಯ ಒಳಗೆ ಇಳಿಬಿಟ್ಟರು. ಸೋಪಿನ ನೀರು ಸವರಿ ಗಾಜನ್ನು ಹೊರಗಿನಿಂದ ಚೌಕಟ್ಟಿಗೆ ಹಿಡಿದರು. ಫಿಟ್ಟರ್ ಒಳಗೆ ಕೂತು ಹಗ್ಗದ ತುದಿ ಮೆಲ್ಲಗೆ ಎಳೆಯುತ್ತಾ ಬಂದರು, ಎಳೆದಂತೆಲ್ಲ ರಬ್ಬರಿನ ತುಟಿ ಪುಳಕ್ ಪುಳಕ್ ಅಂತ ತಗಡಿನ ಮೇಲೆ ಹತ್ತಿ ಕೂರುತ್ತಾ ಹೋಯಿತು. ಹೊರಗೆ ಹುಡುಗ ಅದೇ ಜಾಗದಲ್ಲಿ ಅಂಗೈಯಿಂದ ಒತ್ತಬೇಕು. "ಗುದ್ದಬ್ಯಾಡ, ಒತ್ತು" ಅಂತ ಒಳಗಿಂದ ನಾಲ್ಕು ಸಲ ಹೇಳಿದರು. ಒಂದು ತೊಟ್ಟು ಸಿಲಿಕೋನ್ ಬೇಕಾಗಲಿಲ್ಲ.

ಈಗಿನ ಹೊಸ ಗಾಡಿಗಳಲ್ಲಿ ಈ ಹಗ್ಗ ಇಲ್ಲ, ಗಾಜನ್ನು ಯುರಿಥೇನ್ ಅಂಟಿನಿಂದ ಚೌಕಟ್ಟಿಗೇ ಅಂಟಿಸುತ್ತಾರೆ. ಅಂಥ ಗಾಡಿ ನಿಮ್ಮದಾದರೆ ಅಂಟು ಒಣಗುವವರೆಗೆ ಓಡಿಸಬೇಡಿ. ಅಲ್ಲಿ ಗಾಜು ಚಾವಣಿಗೂ ಬಲ ಕೊಡುತ್ತೆ, ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬುವಾಗ ಬೆನ್ನಿಗೂ ನಿಲ್ಲುತ್ತೆ.

ಇನ್ಶೂರೆನ್ಸ್ ಬಗ್ಗೆ ಕೇಳಬಹುದು. ಪೂರ್ತಿ ಪಾಲಿಸಿ ಇದ್ದರೆ ಗಾಜಿಗೆ ಸವಕಳಿ ಕಡಿತ ಇಲ್ಲ, ಆದರೆ ರಬ್ಬರಿಗೆ 50% ಕಡಿತ ಇದೆ. ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗಬಹುದು, ಲೆಕ್ಕ ಹಾಕಿ ನೋಡಿ. ನಮ್ಮಂತೆ ಬರೀ ಥರ್ಡ್ ಪಾರ್ಟಿ ಇದ್ದರೆ ಪೂರ್ತಿ ಕೈಯಿಂದಲೇ.

ಗಾಡಿ ಮನೆಗೆ ಬಂದ ರಾತ್ರಿ ಮುಲುಂಡಿನಲ್ಲಿ ಜೋರು ಮಳೆ. ಬೆಳಿಗ್ಗೆ ಮಾವನವರು ನನಗಿಂತ ಮೊದಲೇ ಕೆಳಗಿದ್ದರು. ಬಾಗಿಲು ತೆಗೆದು, ಬಗ್ಗಿ, ಡ್ರೈವರ್ ಕಾಲ ಬಳಿಯ ಮ್ಯಾಟ್ ಎತ್ತಿ ಅಂಗೈ ಇಟ್ಟು ನೋಡಿದರು. ಒಣಗಿತ್ತು. "ಹೂಂ, ಈಗ ಸರಿಯಾಯ್ತು ನೋಡು" ಅಂತ ಹೇಳಿ ಕೀ ತಿರುಗಿಸಿದರು.

ಪದ್ಮಿನಿ ಗಾಜಿನ ಆ ರಟ್ಟಿನ ಅಚ್ಚು, ಬಾಗಿನ ಅಳತೆ ಸಮೇತ, ನಮ್ಮ ಅಟ್ಟದ ಮೇಲೆ ಹಾಗೇ ಇದೆ. ಮುಂಬೈ, ಠಾಣೆ, ಪುಣೆ ಕಡೆ ಯಾರಿಗಾದರೂ ಬೇಕಾದರೆ ಕೇಳಿ, ಬಂದು ತೆಗೆದುಕೊಂಡು ಹೋಗಿ. ಕೆಲಸ ಮುಗಿದ ಮೇಲೆ ವಾಪಸ್ ಕೊಟ್ಟರೆ ಸಾಕು, ಇನ್ನೊಬ್ಬರಿಗೆ ಬೇಕಾಗುತ್ತೆ.