ಕೊಲಾಜೆನ್ ಮೇಲೆ ಯಾಕೆ ಇಷ್ಟು ಕೋಪ?
ನಿಮ್ಮ ಲೇಖನದಲ್ಲಿ ಅನ್ನನಾಳ ಹಿಗ್ಗೋದೆಲ್ಲ ರಬ್ಬರಿನ ಹಾಗೆ ಎಳೆದುಬಿಟ್ರೆ ವಾಪಸ್ ಬರೋ ಪ್ರೋಟೀನ್ ಆದ ಇಲಾಸ್ಟಿನ್‌ನಿಂದ, ಗಟ್ಟಿ ಎಳೆಗಳ ಪ್ರೋಟೀನ್ ಆದ ಕೊಲಾಜೆನ್ ಬರೀ ಬಿಗಿ ಮಾಡುತ್ತೆ ಅಂತ ಬರ್ದಿದೀರಲ್ಲ, ಅರ್ಧ ಸತ್ಯ ಸಾರ್ ಅದು. ಕೊಲಾಜೆನ್ ಎಳೆಗಳು ಸುಮ್ನಿರುವಾಗ ಸುಕ್ಕುಸುಕ್ಕಾಗಿ ಓರೆಓರೆಯಾಗಿ ಹೆಣ್ಕೊಂಡಿರ್ತವೆ, ಅದಕ್ಕೇ ಮೊದಮೊದ್ಲು ನಾಳ ಆರಾಮಾಗಿ ಹಿಗ್ಗುತ್ತೆ, ಎಳೆ ನೆಟ್ಟಗಾದ್ಮೇಲೆ ಬಿಗಿಯುತ್ತೆ, ಹರಿದು ಹೋಗದ ಹಾಗೆ ಕಾಯೋದೂ ಅದೇ. ವಾಪಸ್ ಕುಗ್ಗೋದ್ರಲ್ಲಿ ಇಲಾಸ್ಟಿನ್ ಪಾತ್ರ ದೊಡ್ಡದು, ಒಪ್ತೀನಿ. ನಮ್ಮ ಬಸವನಗುಡಿ ಕಡೆ ಬಸ್ಸಾರಲ್ಲಿ ಅದ್ದಿದ ಮುದ್ದೆ ತುತ್ತನ್ನ ಅಗಿಯದೇ ನುಂಗ್ತೀವಲ್ಲ, ಆಗ ಒಳಪದರದ ಮಡಿಕೆಗಳು ಬಿಚ್ಕೊಂಡು ಅಡ್ಡಕ್ಕೆ ಜಾಗ ಕೊಡ್ತವೆ. ತೊಂದ್ರೆ ಆಗೋದು ಇಯೊಸಿನೊಫಿಲಿಕ್ ಈಸೊಫಜೈಟಿಸ್ ತರದ ಅಲರ್ಜಿ ಕಾಯಿಲೇಲಿ ಕೊಲಾಜೆನ್ ಸಿಕ್ಕಾಪಟ್ಟೆ ಜಮೆಯಾಗಿ ಗೋಡೆ ಗಡುಸಾದಾಗ, ಊಟ ಸಿಕ್ಕಾಕೊಳ್ಳೋದು ಅಲ್ಲೇ. ಇನ್ನು ಕೊನೇಲಿ ಕೊಲಾಜೆನ್ ಪೌಡರ್ ಕುಡೀರಿ ಅಂತ ಯಾಕೆ ಸೇರಿಸಿದ್ರೋ, ಹೊಟ್ಟೇಲಿ ಅದೂ ಬೇರೆ ಪ್ರೋಟೀನ್ ತರಾನೇ ಜೀರ್ಣ ಆಗುತ್ತೆ, ನೇರವಾಗಿ ಹೋಗಿ ಅನ್ನನಾಳಕ್ಕೆ ಅಂಟ್ಕೊಳಲ್ಲ.